ಹನ್ನೆರಡು ಸಾಲು, ಹನ್ನೊಂದು ಜನ

ಎಪ್ಪತ್ತೆರಡನೆಯ ಇಸವಿಯ ಮೇ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಆರು ಗಂಟೆಗೆ ಅಮೆರಿಕದಲ್ಲಿ ನಾವಿದ್ದ ಊರು ಲಿವೋನಿಯಾದಿಂದ ಶಿಕಾಗೋಗೆ ಹೊರಟೆವು. ಕಾರು ವಾಲ್ಟರನದು, ಹಡಗಿನಷ್ಟು ಉದ್ದ. ಬುತ್ತಿ ನಮ್ಮ ಮನೆಯದು: ಚಿತ್ರಾನ್ನ, ಮೊಸರನ್ನ, ಮಾವಿನಕಾಯಿ ಸಿಗದೆ ಹಸಿರು ಸೇಬಿನಲ್ಲಿ ಹಾಕಿದ ಉಪ್ಪಿನಕಾಯಿ. ಡಬ್ಬಿ ಕೈಗಿಡುತ್ತಾ ನನ್ನ ಹೆಂಡತಿ ಶಾರದಾ ಕೇಳಿದ ಪ್ರಶ್ನೆ ಇಡೀ ದಾರಿ ನನ್ನನ್ನು ಕಾಡಿತು: "ಅದು ನಿಮಗೆ ಓದಕ್ ಬರೋ ಭಾಷೇಲೇ ಇರತ್ತೆ ಅಂತ ಏನ್ರೀ ಗ್ಯಾರಂಟಿ?"

ವಾಲ್ಟರ್ ನಮ್ಮ ಕಾರ್ಖಾನೆಯ ಫೋರ್‌ಮನ್. ನಾನು ಅಲ್ಲಿ ನಕ್ಷೆ ಬರೆಯುವವನು. ಹೊಸ ಹಾಳೆ ಹಿಡಿದರೆ ಮೂಲೆಯಲ್ಲಿ ಸಣ್ಣದಾಗಿ ಒಂದು 'ಶ್ರೀ' ಬರೆಯದೆ ನನಗೆ ಗೆರೆ ಎಳೆಯಲು ಕೈ ಬಾರದು. ಒಂದು ದಿನ ವಾಲ್ಟರ್ ಆ ಮೂಲೆಯನ್ನೇ ದಿಟ್ಟಿಸಿ ನೋಡಿ, ಇಂಥದೇ ಸುರುಳಿ ಶಿಕಾಗೋದ ನನ್ನ ಗೆಳೆಯನ ನೋಟುಬುಕ್ಕಿನಲ್ಲಿದೆ, ನೀನು ಬಂದು ಓದಿಕೊಡಬೇಕು ಎಂದ. ಇಂಡಿಯಾದಲ್ಲಿ ಹತ್ತಾರು ಲಿಪಿಗಳಿವೆ, ನನಗೆ ಬರುವುದು ಎರಡು ಮೂರು ಎಂದು ನಾನು ಬಿಡಿಸಿ ಹೇಳುವಷ್ಟರಲ್ಲಿ ಅವನು ಶಿಕಾಗೋಗೆ ಫೋನು ಮಾಡಿ ಮಾತು ಕೊಟ್ಟಾಗಿತ್ತು.

ಪೆಟ್ರೋಲು ತುಂಬಿಸಿಕೊಂಡು ಹೈವೇ ಹಿಡಿದ ಮೇಲೆ ವಾಲ್ಟರ್ ಕಥೆ ಬಿಚ್ಚಿದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವನು ಅಸ್ಸಾಮಿನ ಲೇಡೋದಿಂದ ಬರ್ಮಾದ ಕಾಡಿಗೆ ರಸ್ತೆ ಕಡಿದ ರೆಜಿಮೆಂಟಿನಲ್ಲಿ ಬುಲ್ಡೋಜರ್ ಓಡಿಸುತ್ತಿದ್ದ. ಆಗ ಅಮೆರಿಕದ ಸೈನ್ಯದಲ್ಲಿ ವಾಲ್ಟರನಂಥ ಕಪ್ಪು ಜನರಿಗೆ ಬೇರೆ ರೆಜಿಮೆಂಟು, ಬೇರೆ ಡೇರೆ, ಬೇರೆ ಊಟದ ಸಾಲು. ಅಪ್ಪಣೆ ಕೊಡುವವರು ಮಾತ್ರ ಬಿಳಿಯರು. ಕಲ್ಕತ್ತೆಗೆ ರಜೆಗೆ ಹೋದರೂ ತಂಗುವ ಶಿಬಿರ ಬೇರೆ. ರಸ್ತೆ ಮುಗಿದು ಪಟ ತೆಗೆಸಿಕೊಳ್ಳುವ ದಿನ ಇವರ ತುಕಡಿಯನ್ನು ಇನ್ನೊಂದು ಗುಡ್ಡ ಕಡಿಯಲು ಕಳಿಸಿದ್ದರಂತೆ. ನನಗೆ ಕೇಳುತ್ತಲೇ ಸಿಟ್ಟು ಬಂತು. ಅವನು ಮಾತ್ರ ಜಿಗಣೆಗಳ ವಿಷಯ ಹೇಳಿಕೊಂಡು ನಗುತ್ತಿದ್ದ.

ಅವರ ಜೊತೆ ಮಣ್ಣು ಹೊತ್ತ ಇಂಡಿಯಾದ ಕೂಲಿಗಳ ಒಂದು ತಂಡವಿತ್ತು. ಬೀಳ್ಕೊಡುವ ದಿನ ತಂಡದ ಮೇಸ್ತ್ರಿ ಎಲ್ಲರ ಹೆಸರನ್ನೂ ಓಟಿಸ್ ಎಂಬ ಆ ಶಿಕಾಗೋ ಗೆಳೆಯನ ಪುಸ್ತಕದಲ್ಲಿ ಬರೆದುಕೊಟ್ಟಿದ್ದ. ಈಗ ಓಟಿಸ್‌ನ ಚರ್ಚಿನ ಗೋಡೆಗೆ ತುಕಡಿಯ ಹೆಸರುಗಳ ಹಿತ್ತಾಳೆ ಫಲಕ ಬರುವುದಿತ್ತು. ಸೋಮವಾರ ಎರಕ. ಕೂಲಿಗಳ ಹೆಸರೂ ಇರಬೇಕೆಂದು ಇಬ್ಬರ ಹಟ, ಆದರೆ ಲೆಕ್ಕದಲ್ಲಿ ಜಗಳ. ಪುಸ್ತಕದಲ್ಲಿ ಹನ್ನೆರಡು ಸಾಲಿದೆ, ಆದ್ದರಿಂದ ಹನ್ನೆರಡು ಜನ ಎಂದು ಓಟಿಸ್. ದಿನಾ ಲಾರಿ ಹತ್ತಿಸಿದವನು ನಾನು, ಹನ್ನೊಂದೇ ಜನ ಎಂದು ವಾಲ್ಟರ್.

"ಅದರಲ್ಲಿ ಒಬ್ಬನ್ನ ಜೋ ಅಂತಿದ್ವಿ," ಎಂದ, ಈ ಸಲ ನಗದೆ. "ಹೆಸರು ಬಾಯಿಗೆ ಬರ್ತಿರಲಿಲ್ಲ, ಅದಕ್ಕೆ. ಗುಡ್ಡ ಕುಸೀತು. ನಾನೇ ಅಗೆದು ತೆಗೆದೆ. ಜೋ ಅಂತ ಮಾತ್ರ ಫಲಕದ ಮೇಲೆ ಬರೆಸಲ್ಲ, ಮೂರ್ತಿ."

ಕಲಮಜೂ ದಾಟಿ ಒಂದು ಮರದಡಿ ಬುತ್ತಿ ಬಿಚ್ಚಿದೆವು. ವಾಲ್ಟರ್ ಚಿತ್ರಾನ್ನವನ್ನು ಎರಡು ಸಲ ಹಾಕಿಸಿಕೊಂಡ. ಉಪ್ಪಿನಕಾಯಿಗೆ ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ. ನನಗೆ ಶಾರದಾಳ ಪ್ರಶ್ನೆಯದೇ ಚಿಂತೆ. ಬಂಗಾಳಿಯೋ ಅಸ್ಸಾಮಿಯೋ ಆಗಿದ್ದರೆ ಇನ್ನೂರ ಎಪ್ಪತ್ತು ಮೈಲಿ ಬಂದು ಬರಿಗೈಯಲ್ಲಿ ವಾಪಸು ಹೋಗಬೇಕು. ಗೇರಿ ಎಂಬ ಊರಿನ ಉಕ್ಕಿನ ಕಾರ್ಖಾನೆಗಳ ಹೊಗೆಗೆ ಕಿಟಕಿ ಏರಿಸಿ ಶಿಕಾಗೋ ಸೇರಿದೆವು. ಸರೋವರದ ಗಾಳಿಗೆ ಮೇ ತಿಂಗಳಲ್ಲೂ ಐವತ್ತೈದು ಡಿಗ್ರಿ ಫ್ಯಾರನ್‌ಹೀಟ್, ಸ್ವೆಟರ್ ಬೇಕೆನಿಸುವ ಚಳಿ.

ಚರ್ಚಿನ ನೆಲಮಾಳಿಗೆಯಲ್ಲಿ ಇಪ್ಪತ್ತು ಮಂದಿ ಹಳೆಯ ಸೈನಿಕರು ಸೇರಿದ್ದರು. ಜೋಳದ ರೊಟ್ಟಿ, ಸಿಹಿಗೆಣಸಿನ ಕಡುಬು ಇದ್ದವು. ಸೊಪ್ಪಿನ ಪಲ್ಯದಲ್ಲಿ ಹಂದಿ ಇದೆ ಎಂದು ಓಟಿಸ್‌ನ ಹೆಂಡತಿ ಮೊದಲೇ ಎಚ್ಚರಿಸಿ ನನಗೆಂದು ಬೇರೆ ಪಾತ್ರೆ ಇಟ್ಟಿದ್ದಳು. ಓಟಿಸ್ ಬೋಳು ತಲೆಯ, ಸೊಂಟದ ಮೇಲೆ ಕೈಯಿಟ್ಟು ನಿಲ್ಲುವ ಮನುಷ್ಯ. ಇವನೇನಾ ಸಾಕ್ಷಿ ಎಂಬಂತೆ ನನ್ನನ್ನು ಅಳೆದು ನೋಡಿ ಪುಸ್ತಕ ಬಿಡಿಸಿದ.

ತೆಲುಗು! ನಾನು ಮುಳಬಾಗಿಲಿನವನು, ನಮ್ಮ ಬೀದಿಯಲ್ಲಿ ಅರ್ಧ ಮಾತು ಕನ್ನಡ, ಅರ್ಧ ತೆಲುಗು. ಹೋದ ಜೀವ ಬಂದಂತಾಗಿ ಕುರ್ಚಿ ಎಳೆದುಕೊಂಡು ಕೂತೆ. ಮೇಲಿನ ಸಾಲನ್ನು ಬೇಕೆಂದೇ ಕೊನೆಗೆ ಉಳಿಸಿ, ಅದರ ಕೆಳಗಿನ ಸಾಲಿನಿಂದ ಒಂದೊಂದೇ ಹೆಸರು ಓದಿದೆ: ಯಲ್ಲಯ್ಯ, ಅಪ್ಪಲಸ್ವಾಮಿ, ಪೋಲಯ್ಯ. ಓಟಿಸ್ ಇಂಗ್ಲಿಷಿನಲ್ಲಿ ಬರೆದುಕೊಂಡ. ಒಂದು ಹೆಸರಿನ ಹಿಂದೆ 'ಕೀ.ಶೇ.' ಎಂದಿತ್ತು. ಕೀರ್ತಿಶೇಷ, ತೀರಿಕೊಂಡವರಿಗೆ ಬರೆಯುವುದು. ನಾನು ಓದು ನಿಲ್ಲಿಸಿ ವಾಲ್ಟರನ ಕಡೆ ತಿರುಗಿದೆ.

"ಇವನೇ ನಿಮ್ಮ ಜೋ. ಹೆಸರು ಚಿನ್ನಪ್ಪ."

ವಾಲ್ಟರ್ ಮೇಜಿನ ಮೇಲೆ ಎರಡೂ ಕೈ ಊರಿ, "ಚಿನಾಪ," ಎಂದ. ನಾನು ತಿದ್ದಿದೆ. ಮತ್ತೆ ಹೇಳಿದ, ಮತ್ತೆ ತಪ್ಪಿತು. ಯಾರೂ ನಗಲಿಲ್ಲ. ನನಗೆ ದುಃಖ ಒತ್ತರಿಸಿ ಬಂತು.

ಕೊನೆಗೆ ಉಳಿದದ್ದು ಎಲ್ಲಕ್ಕಿಂತ ಮೇಲಿನ ಸಾಲು: 'ಶ್ರೀ ವಿಘ್ನೇಶ್ವರ'. ಇದು ಕೂಲಿಯ ಹೆಸರಲ್ಲ, ದೇವರದು, ಬರವಣಿಗೆ ಶುರುಮಾಡುವಾಗ ತಲೆಯ ಮೇಲೆ ಬರೆಯುವ ರೂಢಿ, ನನ್ನ ನಕ್ಷೆಯ ಮೂಲೆಯ ಶ್ರೀ ಕೂಡ ಅದೇ ಎಂದೆ. ಸಾಲು ಹನ್ನೆರಡು, ಜನ ಹನ್ನೊಂದು. ವಾಲ್ಟರ್ ಗೆದ್ದವನಂತೆ ಎದೆಯುಬ್ಬಿಸಿದ.

ಓಟಿಸ್ ಸುಲಭಕ್ಕೆ ಸೋಲುವವನಲ್ಲ. ಆ ದೇವರ ಕೆಲಸವೇನು ಎಂದು ಕೇಳಿದ. ಆನೆಯ ತಲೆ, ದಾರಿಗೆ ಅಡ್ಡ ಬಂದದ್ದನ್ನೆಲ್ಲ ತೆಗೆದುಹಾಕುವುದೇ ಕೆಲಸ ಎಂದೆ.

"ಹಾಗಾದ್ರೆ ಬುಲ್ಡೋಜರ್ ಡ್ರೈವರ್ರೇ," ಎಂದ ಓಟಿಸ್. ಕೋಣೆಯೆಲ್ಲ ನಗು. ನಕ್ಕು ಮುಗಿದ ಮೇಲೂ ಅವನು ಪೆನ್ನು ಕೆಳಗಿಡಲಿಲ್ಲ. "ನಮ್ಮನ್ನ ಪಟದಿಂದ ಬಿಟ್ಟರು. ನಾವು ಯಾರನ್ನೂ ಬಿಡೋದು ಬೇಡ. ಇವನೂ ಇರಲಿ."

ಹೀಗೆ ನಮ್ಮ ವಿಘ್ನೇಶ್ವರ ಶಿಕಾಗೋದ ಒಂದು ಚರ್ಚಿನ ಗೋಡೆಯಲ್ಲಿ, ಕಪ್ಪು ರೆಜಿಮೆಂಟಿನ ಹೆಸರುಗಳ ನಡುವೆ ಸೇರಿಕೊಂಡ. ನಮ್ಮೂರ ಪಕ್ಕದ ಕುರುಡುಮಲೆಯ ಗಣಪನಿಗೂ ಇದು ಇಷ್ಟವಾಗುತ್ತದೆಂದು ನನಗೆ ಖಾತ್ರಿ.

ಭಾನುವಾರ ಮಧ್ಯಾಹ್ನ ವಾಪಸು ಹೊರಟೆವು. ಹೈವೇಯಿಂದ ಇಳಿಯುವ ಎಕ್ಸಿಟ್ ಒಂದು ಬಂದಾಗಲೆಲ್ಲ ವಾಲ್ಟರ್ ಹೆಸರನ್ನು ಒಮ್ಮೆ ಹೇಳುವುದು, ನಾನು ತಿದ್ದುವುದು. ಜಾಕ್ಸನ್ ಬರುವಷ್ಟರಲ್ಲಿ 'ನ್ನ' ಸರಿಹೋಯಿತು, ಆನ್ ಆರ್ಬರ್ ಹೊತ್ತಿಗೆ 'ಪ್ಪ'. ಹೊತ್ತು ಮುಳುಗುವ ಮುಂಚೆ ಮನೆಯ ಮುಂದೆ ಕಾರು ನಿಂತಿತು.

ಶಾರದಾ ಹೊರಗೆ ಬಂದು, "ಓದಕ್ಕಾಯ್ತೇನ್ರೀ?" ಎಂದಳು. ನಾನು ಬಾಯಿ ತೆರೆಯುವ ಮುಂಚೆ ಕಾರಿನ ಕಿಟಕಿಯಿಂದ ವಾಲ್ಟರ್, "ಚಿನ್ನಪ್ಪ" ಎಂದ. ಮುಳಬಾಗಿಲಿನವರು ಹೇಳುವ ಹಾಗೆ, ಒಂದಿಷ್ಟೂ ತಪ್ಪಿಲ್ಲದೆ.

"ಚಿನ್ನಪ್ಪ ಯಾರು?" ಎಂದಳು ಅವಳು ಕನ್ನಡದಲ್ಲೇ, ನನ್ನನ್ನು ನೋಡಿ.

ಹೆಸರು ಕೇಳಿಯೇ ಪ್ರಶ್ನೆ ಊಹಿಸಿ ಉತ್ತರ ಕೊಟ್ಟವನು ವಾಲ್ಟರ್. "ನನ್ನ ಗೆಳೆಯ," ಎಂದು ಇಂಗ್ಲಿಷಿನಲ್ಲಿ ಹೇಳಿ, ಕಾರು ತಿರುಗಿಸಿಕೊಂಡು ಹೋದ.