ಕಂದಾಯದ ದಿಗಂಬರರಾಯರು

ಬೀಡಿ ಎಂಬ ಹಳ್ಳಿಯಲ್ಲಿ ದಿಗಂಬರರಾಯರು ಕಂದಾಯ ವಸೂಲಿಗೆ ಹೊರಟರೆಂದರೆ ಅವರಿಗಿಂತ ಮೊದಲೇ ಅವರ ದನಿ ಬಾಗಿಲು ತಟ್ಟುತ್ತಿತ್ತು. "ಸರಕಾರಕ್ಕ ಕೊಟ್ಟದ್ದು ಎಲ್ಲಿ ಹೋಗತೈತ್ರಿ? ನಾಳಿ ಹಳ್ಳಕ್ಕ ಸೇತುವಿ ಆಗಿ ನಿಮಗ ತಿರುಗಿ ಬರತೈತಿ!" ಅವರು ಬಾಯಲ್ಲೇ ಕಟ್ಟಿದ ಸೇತುವೆಗಳ ಮೇಲೆ ಜನ ಕಾಲು ತೋಯಿಸಿಕೊಳ್ಳದೆ ಬೆಳಗಾವಿ ಮುಟ್ಟಬಹುದಿತ್ತು. ನಗುವವರೊಡನೆ ತಾವೂ ನಗುತ್ತಿದ್ದರು. ಆದರೂ ಆ ಮಾತನ್ನು ಮನಸಾರೆ ನಂಬಿದ್ದರು. ೧೯೨೬ರ ಮಳೆಗಾಲದಲ್ಲಿ, ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು ಅಲಕಾಳನ್ನು ಖಾನಾಪುರದ ದವಾಖಾನೆಗೆ ಒಯ್ಯುವಾಗ ಹಳ್ಳ ತುಂಬಿ ಬಂಡಿ ದಡದಲ್ಲೇ ನಿಂತಿತು. ನೀರು ಇಳಿಯುವಷ್ಟರಲ್ಲಿ ಅಲಕಾ ತೀರಿಕೊಂಡಿದ್ದಳು. ಸುಗ್ಗಿ ಮುಗಿದ ಮೇಲೆ ರಾಯರು ಮತ್ತೆ ವಸೂಲಿಗೆ ಹೊರಟು, ಓಣಿಯ ಮುದುಕಿ ಜೈತುನಬೀಯ ಬಾಗಿಲನ್ನು ಈ ಸಲ ಕೈಯಿಂದ ತಟ್ಟಿದರು. ಅವಳು ಕಂದಾಯ ತಂದು ನೀಡಿದರೆ ಇವರಿಗೆ ಕೈ ಚಾಚಲಾಗಲಿಲ್ಲ. "ಮದಲ ಕುಂದರ್ರಿ ರಾಯರ, ನೀರು ಕುಡೀರಿ," ಎಂದಳು ಜೈತುನಬೀ. ರಾಯರು ಅವಳ ಕಟ್ಟೆಯ ಮೇಲೆ ಕುಳಿತು, ಮಗಳು ಹೋದ ಮೇಲೆ ಮೊದಲ ಸಲ ಅತ್ತರು.