ಭೂತಪ್ಪನ ಕೊಡ

ಹೊನ್ನಕ್ಕನಿಗೆ ಮಂಡಿನೋವಿನ ಮುಲಾಮು ಕೊಡುವವನು ನಾನೇ. ಹುಲೇಕಲ್ಲಿನಲ್ಲಿ ನನ್ನದೊಂದು ಸಣ್ಣ ಔಷಧಿ ಅಂಗಡಿ. ಮುಲಾಮಿನ ಜೊತೆ “ಏರು ಹತ್ತಬೇಡ” ಎಂಬ ಉಪದೇಶವನ್ನೂ ಪುಕ್ಕಟೆ ಕೊಡುತ್ತಿದ್ದೆ. ಅವಳು ನಕ್ಕು, ಮುಲಾಮು ಮಾತ್ರ ತೆಗೆದುಕೊಂಡು ಹೋಗುತ್ತಿದ್ದಳು.

ಅವಳ ಮನೆಯ ಹಿಂದಿನ ಗುಡ್ಡದ ನೆತ್ತಿಯಲ್ಲಿ ಭೂತಪ್ಪನ ಕಲ್ಲಿದೆ. ಶಿವರಾತ್ರಿ ಕಳೆದ ಮೊದಲ ಸೋಮವಾರ ಬುಡದ ಹಳ್ಳದಿಂದ ಒಂದು ಕೊಡ ನೀರು ಹೊತ್ತೊಯ್ದು ಆ ಕಲ್ಲಿಗೆ ಎರೆದು ಗಂಟೆ ಬಾರಿಸಬೇಕು. ಹೊರುವವರು ಒಬ್ಬರೇ ಹೋಗಬೇಕು. ಕೊಡ ನೆಲ ಮುಟ್ಟಬಾರದು, ನೀರು ಬೇರೆ ಯಾವುದಕ್ಕೂ ಬಳಕೆಯಾಗಬಾರದು. ಹೊತ್ತು ಮುಳುಗುವುದರೊಳಗೆ ಊರಿಗೆ ಗಂಟೆ ಕೇಳಬೇಕು. ಇದು ಅವಳ ಗಂಡ ಕೆರಿಯಪ್ಪನ ಮನೆತನದ ಕೆಲಸ. ಈ ವರ್ಷ ಅವನು ಸೊಂಟ ಮುರಿದುಕೊಂಡು ಮಲಗಿದ್ದ. ತನ್ನ ಕಾಲದಲ್ಲೇ ಇದು ತಪ್ಪಿಹೋಗುತ್ತದಲ್ಲ ಎಂಬ ಕೊರಗಿನಲ್ಲಿ ಊಟವನ್ನೇ ಬಿಟ್ಟಿದ್ದ. ಹೊನ್ನಕ್ಕ ತಲೆಗೆ ಸಿಂಬೆ ಇಟ್ಟು ತಾನೇ ಹೊರಟಳು.

ಅದೇ ದಿನ ನಾನೂ ಒಬ್ಬನೇ ಆ ಗುಡ್ಡ ಹತ್ತುತ್ತಿದ್ದೆ. ಭೂತಪ್ಪನಿಗಾಗಿ ಅಲ್ಲ, ಹೊಸದಾಗಿ ಕೊಂಡ ಬೂಟಿಗಾಗಿ. ಒಂದೇ ಬಾಟಲಿ ನೀರು ಸಾಕೆಂಬ ಭಂಡ ಧೈರ್ಯ ಬೇರೆ. ಮುಕ್ಕಾಲು ಏರುವಷ್ಟರಲ್ಲಿ ಬಾಟಲಿ ಖಾಲಿಯಾಗಿ, ಕಣ್ಣು ಕತ್ತಲೆಗಟ್ಟಿ, ಬಂಡೆಗೆ ಒರಗಿ ಕುಸಿದೆ.

ಕೆಳಗಿನಿಂದ ಹೊನ್ನಕ್ಕ ಬಂದಳು. ತಲೆಯ ಮೇಲೆ ತಾಮ್ರದ ಕೊಡ. ಒಂದು ಕೈ ಕೊಡಕ್ಕೆ, ಇನ್ನೊಂದು ಕೈ ಮರದ ಬೇರಿಗೆ. ನನ್ನ ಮುಖ ನೋಡಿದವಳೇ ಕೊಡ ಇಳಿಸಿ ಬಗ್ಗಿಸಿದಳು. ಬೇಡ ಎನ್ನಲು ನನ್ನ ನಾಲಿಗೆ ಹೊರಳಲಿಲ್ಲ. ಬೊಗಸೆಯೊಡ್ಡಿ ಕುಡಿದೆ. ಉಳಿದ ನೀರನ್ನು ಅವಳು ನನ್ನ ತಲೆಗೆ ಹೊಯ್ದಳು.

ಜೀವ ಬಂದ ಮೇಲೆ ನಾಚಿಕೆಯೂ ಬಂತು. “ಹೊನ್ನಕ್ಕ, ಭೂತಪ್ಪನೇ ಕುಡಿದ ಅಂದ್ಕೊ. ಮೇಲೆ ಹೋಗಿ ಗಂಟೆ ಬಾರಿಸು” ಎಂದೆ.

“ಭೂತಪ್ಪ ಎಲ್ಲಿ ಕುಡಿದ? ಕುಡಿದವ್ರು ನೀವು. ನಿಮ್ಗೆ ಬೇಕಿತ್ತು, ಕೊಟ್ಟೆ. ಅವಂದು ಅವಂಗೆ ತರ್ಬೇಕಲ ಹೆಗಡೇರೆ.”

“ನಾನು ತಂದುಕೊಡ್ತೆ.”

ಅವಳು ನನ್ನ ಬೂಟು ನೋಡಿ ನಕ್ಕಳು. “ನೀವು ನಿಧಾನ ಇಳ್ದು ನಮ್ಮನಿಗೆ ಹೋಗಿ. ಗಂಟೆ ಕೇಳ್ಲಿಲ್ಲ ಅಂತ ಅವ್ರು ಕಂಗಾಲಾಗಿರ್ತರು.”

ಹಾಗೆಂದವಳು ಖಾಲಿ ಕೊಡ ಕಂಕುಳಲ್ಲಿಟ್ಟು, ಆ ಮಂಡಿಯಲ್ಲಿ, ಇಡೀ ಏರನ್ನು ಇಳಿಯತೊಡಗಿದಳು. ಇಷ್ಟು ದೊಡ್ಡ ಮನುಷ್ಯಳಿಗೆ ನಾನು ಇಷ್ಟು ವರ್ಷ ಬುದ್ಧಿ ಹೇಳುತ್ತಿದ್ದೆನಲ್ಲ ಎನಿಸಿತು.

ನಾನು ತೆವಳಿಕೊಂಡು ಇಳಿದು ಅವರ ಮನೆ ಮುಟ್ಟಿದಾಗ ಬಿಸಿಲು ತೆಂಗಿನ ತುದಿಗೆ ಹೋಗಿತ್ತು. ಜಗಲಿಯ ಮಂಚದಲ್ಲಿ ಕೆರಿಯಪ್ಪ ಗುಡ್ಡದ ಕಡೆಗೇ ಮುಖ ಮಾಡಿಕೊಂಡಿದ್ದ. ನಡೆದದ್ದನ್ನು ಹೇಳಿದೆ. ಬೈಯುತ್ತಾನೆಂದುಕೊಂಡೆ. ಅವನು ಗುಡ್ಡದಿಂದ ಕಣ್ಣು ತೆಗೆಯಲಿಲ್ಲ.

“ಕುಡ್ಸಿದ್ದು ಸಮ ಆತು” ಎಂದ. “ನಾನಾಗಿದ್ರೆ ಮತ್ತೆ ಹತ್ತತಿರ್ಲಿಲ್ಲ.”

ಬಿಸಿಲು ತೆಂಗಿನ ತುದಿಯನ್ನೂ ಬಿಡತೊಡಗಿತು. ಆಗ ಮೇಲಿನಿಂದ ಗಂಟೆ ಕೇಳಿತು, ಒಂದಲ್ಲ, ಬಿಟ್ಟೂಬಿಡದೆ. ಕೆರಿಯಪ್ಪನ ಕಣ್ಣಲ್ಲಿ ನೀರು ಬಂತು, ನನಗೂ ಬಂತು.

“ಹೆಗಡೇರೆ, ಬಚ್ಚಲೊಲಿಗೆ ಬೆಂಕಿ ಹಾಕ್ತ್ರ?” ಎಂದ ಅವನು. “ಬಂದ ಕೂಡ್ಲೆ ಅವ್ಳ ಕಾಲಿಗೆ ಬಿಸ್ನೀರು ಬೇಕು.”

ನಾನು ಬೂಟು ಬಿಚ್ಚಿಟ್ಟು, ಬಚ್ಚಲಿನ ಕೊಡ ತೆಗೆದುಕೊಂಡು ಬಾವಿಗೆ ಹೋದೆ.