ಕೇಸರಿ ತಲೆಯ ಕಡೆಗೆ

ಬಸರೀಕಟ್ಟೆಯ ನಮ್ಮ ಚಿಕ್ಕಪ್ಪ ನಿವೃತ್ತ ಸೈನಿಕ. ಬದುಕಿದ್ದಾಗಲೇ ಜಗಲಿಯ ಬೆಂಚಿನ ಮೇಲೆ ಕೊಟ್ಟಿಗೆಯ ಕಡೆಗೆ ತಲೆ ಹಾಕಿ ಮಲಗಿ, ಬಾವುಟದ ಬದಲು ಕೇಸರಿ ಅಂಚಿನ ಬೆಡ್‌ಶೀಟ್ ಹೊದಿಸಿಕೊಂಡು, ನಮಗೆ ತಮ್ಮ ಅಂತ್ಯಕ್ರಿಯೆಯ ತಾಲೀಮು ಮಾಡಿಸುತ್ತಿದ್ದರು.

"ಬಾವುಟದ ಕೇಸರಿ ತಲೆ ಕಡೆ ಬರ್ಬೇಕು. ನೆಲಕ್ಕೆ ತಾಗ್ಬಾರ್ದು, ಚಿತೆಗೆ ಹೋಗ್ಬಾರ್ದು. ಕಾನೂನು ಮಾರಾಯ!"

ತಪ್ಪಿದರೆ ಹೆಣವೇ ಎದ್ದು ಕೂತು ಬೈಯುತ್ತಿತ್ತು. ಬೈಸಿಕೊಂಡು ಸಾಕಾಗಿ ನಾವೊಂದು ಸುಲಭದ ಗುರುತು ಇಟ್ಟುಕೊಂಡೆವು: ಕೇಸರಿ ಕೊಟ್ಟಿಗೆಯ ಕಡೆಗೆ.

ಅವರು ನಿಜವಾಗಿ ತೀರಿಕೊಂಡ ದಿನ ಪುರೋಹಿತರು ಶಾಸ್ತ್ರ ಹೇಳಿ, ಕೊಟ್ಟಿಗೆಯ ಕಡೆಗೆ ಕಾಲು ಬರುವಂತೆ ಮಲಗಿಸಿದ್ದರು. ಸೇನೆಯವರು ತಂದ ಬಾವುಟವನ್ನು ನಾವು ಠೀವಿಯಿಂದ ಹೊದಿಸಿದೆವು. ಕೇಸರಿ ಕಾಲಿಗೆ ಬಂತು.

ಚಿಕ್ಕಮ್ಮ ಅಳು ನಿಲ್ಲಿಸಿ, "ಬೇಗ ತಿರುಗ್ಸಿ, ಎದ್ದು ಬೈತಾರೆ!" ಎಂದರು.

ನಾವೆಲ್ಲ ಒಂದು ಹೆಜ್ಜೆ ಹಿಂದೆ ಸರಿದು ಕಾದೆವು. ಚಿಕ್ಕಪ್ಪ ಏಳಲಿಲ್ಲ. ನನಗೆ ಅಳು ಬಂದದ್ದು ಆಗಲೇ.